ಗುಬ್ಬಿ ಹೆಕ್ಕಿ ತಂದ ದನಿ

ಲೋಕದ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಆಗ ಎಲ್ಲರದೂ ಒಂದೇ ಪಿಸುಮಾತು. ಯಾರು ಮಾತಾಡಿದರೆಂದೇ ತಿಳಿಯುತ್ತಿರಲಿಲ್ಲ.

ಒಂದು ದಿನ ಗುಡುಗಜ್ಜ ಹಕ್ಕಿಗಳಿಗೆ ದನಿ ಹಂಚಿದ. ಕೋಗಿಲೆ ಉದ್ದನೆಯದನ್ನು ಹೊತ್ತೊಯ್ದಿತು. ಕೆಂಬೂತ ಗುಡಾಣದಂಥ ದಪ್ಪ ದನಿ ಹಿಡಿದು ಹೊರಟಿತು. ಗುಬ್ಬಿ ಎಷ್ಟು ಎಳೆದರೂ ಒಂದು ದನಿಯೂ ಅಲುಗಲಿಲ್ಲ.

“ನಿನ್ನ ಕೊಕ್ಕಿಗೆ ಇದೆಲ್ಲ ಎಲ್ಲಿ ಹಿಡಿಸುತ್ತೆ ಮಗಳೇ? ಪಿಸುಮಾತಲ್ಲೇ ಇದ್ದುಬಿಡು.”

“ಹೇಗಿರಲಿ ಅಜ್ಜ? ನನ್ನ ಮರಿಗಳು ಇನ್ನೂ ಕಣ್ಣು ಬಿಟ್ಟಿಲ್ಲ. ರೆಕ್ಕೆ ಸದ್ದಾದರೆ ಸಾಕು, ಅಮ್ಮ ಬಂದಳು ಅಂತ ಕತ್ತು ಚಾಚುತ್ತವೆ. ನಿನ್ನೆ ಹಾಗೆ ಚಾಚಿದ ಒಂದನ್ನು ಕೆಂಬೂತ ಎತ್ತಿಕೊಂಡು ಹೋಯಿತು. ನನಗೆ ದನಿ ಬೇಕೇ ಬೇಕು.”

“ಹೊರಲಾರೆಯಲ್ಲೇ?”

“ಕಾಳು ತರುವ ಹಾಗೆ ತರ್ತೀನಿ. ಚೂರು ಚೂರೇ.”

ಗುಬ್ಬಿ ಹೊಳೆಗೆ ಹೋಯಿತು. “ಹೊಳೆಯವ್ವಾ, ಕಲ್ಲಿನ ಸಂದಿಯಲ್ಲಿ ನುಸುಳುವಾಗ ನಗ್ತೀಯಲ್ಲ, ಅದರಲ್ಲೊಂದು ಚೂರು ಕೊಡೇ.”

“ತಗೋ ತಾಯಿ. ಕೊಕ್ಕು ಮಾತ್ರ ಬಿಡಬೇಡ, ಚೆಲ್ಲಿಹೋಗುತ್ತೆ.”

ದಾರಿಯಲ್ಲಿ ಕೆಂಬೂತ ಕೂತಿತ್ತು. “ಏನೇ ಪಿಸುಗುಬ್ಬಿ, ಗಂಟಲು ಸಿಕ್ತೇನೇ?”

“ಥೂ, ಕಳ್ಳ!” ಎಂದಿತು ಗುಬ್ಬಿ. ಅಷ್ಟೇ, ನಗೆಯೆಲ್ಲ ಗಾಳಿಯ ಪಾಲಾಯಿತು.

ಮತ್ತೆ ಹೊಳೆಗೆ ಹೋಯಿತು. ಮತ್ತೆ ಕೊಕ್ಕು ತುಂಬಿಕೊಂಡಿತು. ಕೆಂಬೂತ ಅಣಕಿಸಿತು, ಬೈದಿತು, ಹೋದ ಮರಿಯ ಮಾತೆತ್ತಿ ಕೆಣಕಿತು. ಗುಬ್ಬಿಯ ಕಣ್ಣು ತುಂಬಿತು. ಕೊಕ್ಕು ಮಾತ್ರ ಬಿಡಲಿಲ್ಲ.

ತಂದ ನಗೆಯನ್ನು ಗೂಡಿನ ಹುಲ್ಲಿಗೆ ಸಿಕ್ಕಿಸಿ ನೋಡಿದರೆ ಅದು ತೀರಾ ಮೆತ್ತಗೆ. ಇನ್ನೊಂದು ಚೂರು ಬೇಕು, ಚುರುಕಾದದ್ದು.

ಪಕ್ಕದ ಮನೆಯಲ್ಲಿ ದೇವೀರಮ್ಮ ಕಾದ ಎಣ್ಣೆಗೆ ಸಾಸಿವೆ ಹಾಕಿದ್ದಳು. ಗುಬ್ಬಿ ಕಿಟಕಿಯಿಂದ ಒಳಗೆ ನುಗ್ಗಿತು.

“ಇದೇನೇ, ಒಗ್ಗರಣೆಯಲ್ಲೂ ಪಾಲು ಬೇಕೇನೇ? ಸುಡುತ್ತೆ ಕಣೇ!”

ಸುಟ್ಟಿತು. ಆದರೂ ಗುಬ್ಬಿ ಒಂದು ಸಿಡಿತವನ್ನು ಹೆಕ್ಕಿಕೊಂಡೇ ಹಾರಿತು.

ಹೊಳೆಯ ನಗೆ, ಸಾಸಿವೆಯ ಸಿಡಿತ ಎರಡನ್ನೂ ಸೇರಿಸಿ ಗುಬ್ಬಿ ಕೂಗಿತು: “ಚಿಲಿ, ಪಿಲಿ!” ಮರಿಗಳು ಒಟ್ಟಿಗೆ ಕತ್ತೆತ್ತಿದವು.

ಸಂಜೆ ಕೆಂಬೂತ ಬಂದು ಪಟಪಟ ರೆಕ್ಕೆ ಬಡಿಯಿತು. ಒಂದು ಮರಿಯೂ ಕತ್ತೆತ್ತಲಿಲ್ಲ. ಹುಲ್ಲಿನೊಳಗೆ ಹುದುಗಿಯೇ ಇದ್ದವು. ಕೆಂಬೂತ ಖಾಲಿ ಕೊಕ್ಕಿನಲ್ಲಿ ಹೊರಟುಹೋಯಿತು.

“ಅಜ್ಜಿ, ಗುಬ್ಬಿ ಏನಂತಿದೆ?” ಎಂದು ಕೇಳಿದಳು ದೇವೀರಮ್ಮನ ಮೊಮ್ಮಗಳು.

“ಚಿಲಿಪಿಲಿ ಅಂತಿದೆ ಕಣೇ.” ಆ ಮಾತು ಮನೆಯಿಂದ ಮನೆಗೆ ಹೋಗಿ ಜನರ ಬಾಯಲ್ಲಿ ಉಳಿಯಿತು.

ಚೂರು ದನಿ ಎಷ್ಟು ಹೊತ್ತು ಬಂದೀತು? ಕೂಗಿದ ಕೂಡಲೇ ಮುಗಿಯುತ್ತದೆ, ಮತ್ತೆ ಕೂಗಬೇಕು. ಅದಕ್ಕೇ ಇವತ್ತಿಗೂ ಗುಬ್ಬಿ ಕೋಗಿಲೆಯಂತೆ ಉದ್ದಕ್ಕೆ ಹಾಡದೆ, ನಿಮ್ಮ ಅಡುಗೆಮನೆಯ ಕಿಟಕಿಯಲ್ಲಿ ಕೂತು, ಬೆಳಗಿನಿಂದ ಸಂಜೆಯವರೆಗೆ ಚೂರು ಚೂರಾಗಿ ಚಿಲಿಪಿಲಿ ಎನ್ನುತ್ತಲೇ ಇರುತ್ತದೆ.