ಶರಬತ್ತಿನವನ ಒಂದು ವರ್ಷ

"ಗುರುಗಳೇ, ನನ್ನ ತಪ್ಪು ನನಗೆ ಗೊತ್ತಾಯಿತು. ನನ್ನ ಮಟ್ಟಿಗೆ ಅದನ್ನು ತಿದ್ದಿಕೊಂಡೆ. ಅಷ್ಟು ಸಾಲದೇ?" ಎಂದು ಶಿಷ್ಯ ಮಹಾಂತೇಶ ಕೇಳಿದ.

ಗುರುಗಳಿಗೆ ಆ ದಿನ ಆಯಾಸವಾಗಿತ್ತು. ಆದರೂ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಶರಬತ್ತಿನವನಿದ್ದ. ಶಾಲೆಯ ಮುಂದೆ ಅವನ ತಳ್ಳುಗಾಡಿ. ಸಕ್ಕರೆ ಪಾಕ, ಕೆಂಪು ಬಣ್ಣ, ಐಸು. ಇಪ್ಪತ್ತು ವರ್ಷದಿಂದ ಅದೇ ಜಾಗ, ಅದೇ ರುಚಿ. ಅವನು ಮೋಸಗಾರನಲ್ಲ. ಲೋಟದ ತುಂಬ ಕೊಡುತ್ತಿದ್ದ. ಮಕ್ಕಳೆಂದರೆ ಅವನಿಗೆ ಇಷ್ಟ.

ಅವನಿಗೆ ಶಾಂಭವಿ ಎಂಬ ಏಳು ವರ್ಷದ ಮಗಳಿದ್ದಳು. ಸಂಜೆ ಉಳಿದ ಶರಬತ್ತನ್ನು ಅವನು ಅವಳಿಗೆಂದೇ ಮನೆಗೆ ಒಯ್ಯುತ್ತಿದ್ದ. ಅವಳು ನೀರು ಕೇಳುವುದನ್ನೇ ಮರೆತಿದ್ದಳು.

ಆ ಮಗುವಿಗೆ ಉಬ್ಬಸ. ಚಳಿ ಬಂತೆಂದರೆ ಎದೆ ಸುಂಯ್‌ಗುಟ್ಟುತ್ತಿತ್ತು. ತಿಂಗಳಿಗೆ ಎರಡು ಸಲವಾದರೂ ಅವನು ಅವಳನ್ನು ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಬೇಕಾಗುತ್ತಿತ್ತು. ಒಂದು ಸಲ ಅಲ್ಲಿನ ವೈದ್ಯೆ, "ದಿನಕ್ಕೆ ಏನೇನು ಕುಡಿಸುತ್ತೀರಿ?" ಎಂದು ಕೇಳಿದರು. ಅವನು ಹೆಮ್ಮೆಯಿಂದಲೇ ಹೇಳಿದ.

"ಅದನ್ನು ನಿಲ್ಲಿಸಿ," ಎಂದರು ವೈದ್ಯೆ. "ಕಾಯಿಲೆಗೆ ಇದೊಂದೇ ಕಾರಣ ಎಂದು ನಾನು ಹೇಳಲಾರೆ. ಉಸಿರಿನೊಂದಿಗೆ ಎಳೆದುಕೊಳ್ಳುವ ಔಷಧವನ್ನೂ ಬಿಡಬೇಡಿ. ಆದರೆ ದಿನಾ ಇಂಥ ಸಿಹಿ ನೀರು ಕುಡಿಯುವ ಮಕ್ಕಳಲ್ಲಿ ಉಬ್ಬಸ ಹೆಚ್ಚು ಕಾಣುತ್ತಿದೆ."

ಅವನು ಅಂದೇ ನಿಲ್ಲಿಸಿದ. ಮಗಳು ಒಂಬತ್ತು ದಿನ ಅತ್ತಳು. ತಟ್ಟೆ ಎಸೆದಳು. ಅಪ್ಪನ ಹತ್ತಿರ ಮಾತು ಬಿಟ್ಟಳು. ಅವನು ಸಹಿಸಿಕೊಂಡ. ಔಷಧವನ್ನು ಹೊತ್ತು ಹೊತ್ತಿಗೆ ತಾನೇ ನಿಂತು ಕೊಡಿಸಿದ. ಮುಂದಿನ ಚಳಿಗಾಲದಲ್ಲಿ ಆಸ್ಪತ್ರೆಗೆ ಹೋಗಬೇಕಾದದ್ದು ಒಂದೇ ಸಲ. ಮಗಳು ಓಡಿದರೂ ಏದುಸಿರು ಬರುತ್ತಿರಲಿಲ್ಲ. ಅವನು ದೇವರಿಗೆ ಕೈಮುಗಿದ.

ಗಾಡಿ ಮಾತ್ರ ಶಾಲೆಯ ಮುಂದೆಯೇ ಇತ್ತು. ಬೇರೆ ಮಕ್ಕಳ ನೆನಪು ಅವನಿಗೆ ಬರಲಿಲ್ಲವೆಂದಲ್ಲ. ಬಂದಾಗಲೆಲ್ಲ, ಅವರಿಗೂ ಅಪ್ಪ ಅಮ್ಮ ಇದ್ದಾರೆ ಎಂದುಕೊಳ್ಳುತ್ತಿದ್ದ. ದಿನವಿಡೀ ನಿಂತು ಕಾಲು ಸೋತಿರುತ್ತಿತ್ತು. ಸೋತವನಿಗೆ ಮನೆ ಸೇರಿದರೆ ಸಾಕು.

ಒಂದು ಮಧ್ಯಾಹ್ನ ಒಬ್ಬ ಹೆಂಗಸು ಮಗಳನ್ನು ಎತ್ತಿಕೊಂಡು ಗಾಡಿಯ ಹತ್ತಿರ ಬಂದಳು. ಅವಳು ಬಟ್ಟೆ ಹೊಲಿಯುವವಳು. ನಿದ್ದೆಗೆಟ್ಟ ಮುಖ.

"ಅಣ್ಣ, ರಾತ್ರಿಯಿಂದ ಕೆಮ್ಮಿ ಕೆಮ್ಮಿ ಸುಸ್ತಾಗಿದ್ದಾಳೆ. ನಿಮ್ಮ ಶರಬತ್ತು ಕೊಟ್ಟರೆ ಸುಮ್ಮನಾಗುತ್ತಾಳೆ. ಒಂದು ಲೋಟ ಕೊಡಿ."

ಅವನು ಲೋಟ ತುಂಬಿಸಿದ. ಆಗ ಮಗುವಿನ ಎದೆಯ ಸದ್ದು ಕೇಳಿಸಿತು. ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೈ ಹಿಂದೆಗೆದ.

"ಬೇಡ ತಾಯಿ. ಇದನ್ನು ಕೊಡಬೇಡಿ. ನನ್ನ ಮಗಳಿಗೂ ಹೀಗೇ ಇತ್ತು. ವೈದ್ಯರು ಹೇಳಿದ ಮೇಲೆ ನಾನು ಮನೆಯಲ್ಲಿ ಇದನ್ನು ಕೊಡುವುದನ್ನು ನಿಲ್ಲಿಸಿದೆ."

"ಯಾವಾಗ ನಿಲ್ಲಿಸಿದಿರಿ?"

"ಒಂದು ವರ್ಷವಾಯಿತು."

ಹೆಂಗಸು ಅವನನ್ನು ನೋಡಿದಳು. ಅವಳ ದನಿ ಏರಲಿಲ್ಲ.

"ನಿನ್ನೆ ಇವಳಿಗೆ ಎರಡು ಲೋಟ ಕೊಟ್ಟಿರಲ್ಲ, ಅಣ್ಣ."

ಅವನು ಗಾಡಿಯನ್ನು ಹಾಗೇ ಬಿಟ್ಟು, ಆಟೋ ನಿಲ್ಲಿಸಿ, ತಾಯಿ ಮಗಳನ್ನು ಆಸ್ಪತ್ರೆಗೆ ಕರೆದೊಯ್ದ. ಮಗುವಿನ ಮುಖಕ್ಕೆ ಔಷಧದ ಆವಿ ಕೊಡುವ ಮಾಸ್ಕ್ ಇಟ್ಟಾಗ ಅವನು ಬಾಗಿಲ ಹೊರಗೆ ಗೋಡೆಗೆ ಒರಗಿ ನಿಂತಿದ್ದ. ಮೂರನೆಯ ದಿನ ಮಗು ಚೇತರಿಸಿಕೊಂಡು ಮನೆಗೆ ಹೋಯಿತು. ಆ ತಾಯಿ ಅವನನ್ನು ಬೈಯಲಿಲ್ಲ. ಅವನೊಡನೆ ಮತ್ತೆ ಮಾತಾಡಲೂ ಇಲ್ಲ.

ಅವನು ಪಾಕ ಕಾಯಿಸುವುದನ್ನು ಬಿಟ್ಟ. ಅದೇ ಗಾಡಿಯಲ್ಲಿ ಮಜ್ಜಿಗೆ ಇಟ್ಟ. ಮಕ್ಕಳಲ್ಲಿ ಹೆಚ್ಚಿನವರು ಎದುರಿನ ಅಂಗಡಿಗೆ ಹೋದರು. ಅಲ್ಲಿ ಬಣ್ಣದ ಬಾಟಲಿಗಳಿದ್ದವು. ಮಕ್ಕಳನ್ನು ಕರೆದೊಯ್ಯಲು ಬಂದ ಒಬ್ಬೊಬ್ಬರಿಗೂ ಅವನು ವೈದ್ಯೆಯ ಮಾತನ್ನು ಹೇಳಿದ. ಕೆಲವರು ಕೇಳಿದರು. ಹಲವರು ನಕ್ಕರು. "ಇಷ್ಟು ವರ್ಷ ಕುಡಿಸಿದವನು ನೀನೇ ಅಲ್ಲವೇ?" ಎಂದು ಒಬ್ಬ ಕೇಳಿದ. ಅವನು ಹೌದೆಂದು ತಲೆಯಾಡಿಸಿದ. ಮಾರನೆಯ ದಿನ ಮತ್ತೆ ಬಂದು ನಿಂತ. ಅದರ ಮಾರನೆಯ ದಿನವೂ ನಿಂತ. ಬೇಗ ಮುದುಕನಾದ.

ಗುರುಗಳು ಕತೆ ನಿಲ್ಲಿಸಿದರು. ಮಹಾಂತೇಶ ಕೇಳಿದ:

"ಗುರುಗಳೇ, ನಿನ್ನೆ ಕೊಟ್ಟಿರಲ್ಲ ಎಂದು ಆ ತಾಯಿ ಕೇಳಿದಾಗ ಅವನು ಏನು ಹೇಳಬೇಕಿತ್ತು?"

"ಹೇಳಬೇಕಾದದ್ದನ್ನು ಒಂದು ವರ್ಷ ಮೊದಲು ಹೇಳಬೇಕಿತ್ತು," ಎಂದರು ಗುರುಗಳು.