ಮರಕ್ಕೆ ಕಟ್ಟದ ಹಲಗೆ

"ಗುರುಗಳೇ, ತಪ್ಪು ಮಾಡಿದವನು ತನ್ನೊಳಗೇ ನಾಚಿಕೊಂಡು ಬೆಂದರೆ ಸಾಲದೇ? ಅದನ್ನು ನಾಲ್ಕು ಜನರ ಮುಂದೆ ಹೇಳಲೇಬೇಕೇ?" ಎಂದು ಶಿಷ್ಯ ಕೇಳಿದ.

ಕೇಳುವಾಗ ಅವನು ತಲೆ ಎತ್ತಿರಲಿಲ್ಲ. ಎರಡು ದಿನದಿಂದ ಅವನು ಸರಿಯಾಗಿ ಉಂಡಿಲ್ಲ ಎಂಬುದು ಗುರುಗಳ ಗಮನಕ್ಕೆ ಬಂದಿತ್ತು. ಏನಾಯಿತು ಎಂದು ಅವರು ವಿಚಾರಿಸಲಿಲ್ಲ. ಕುಳಿತುಕೋ ಎಂದು ಹೇಳಿ ಒಂದು ಕತೆ ಶುರುಮಾಡಿದರು.

ಬೆಟ್ಟದಿಂದ ಇಳಿಯುವ ಒಂದು ಹೊಳೆಯಲ್ಲಿ ಒಬ್ಬ ಅಂಬಿಗನಿದ್ದ. ಆ ಹೊಳೆ ಸಾಧುವಲ್ಲ. ಮೂರು ಹರದಾರಿ ಉದ್ದಕ್ಕೂ ಬಂಡೆ, ಸುಳಿ, ನೊರೆ. ಮೇಲಿನ ಊರುಗಳ ಹುಣಸೆಹಣ್ಣು, ಜೇನು, ಬಿದಿರಿನ ಬುಟ್ಟಿ ಕೆಳಗಿನ ಪೇಟೆ ಸೇರಬೇಕಾದರೆ ಮರದ ದೋಣಿಯೇ ಗತಿ. ಅಲ್ಲಿ ಹುಟ್ಟು ಹಾಕುವ ರೀತಿಯೇ ಬೇರೆ. ಅಂಬಿಗ ನೀರು ಹೋಗುವ ಕಡೆಗೆ ಮುಖಮಾಡಿ ಕೂತು, ದೋಣಿಯನ್ನು ಹಿಂದಕ್ಕೆ ಎಳೆಯುವ ಹಾಗೆ ಹುಟ್ಟು ಹಾಕುತ್ತಾನೆ. ನೀರು ಓಡುತ್ತದೆ, ದೋಣಿ ಅದಕ್ಕಿಂತ ನಿಧಾನವಾಗಿ ಹೋಗುತ್ತದೆ. ಹಾಗೆ ಉಳಿಸಿಕೊಂಡ ಚೂರು ಸಮಯದಲ್ಲೇ ಬಂಡೆಯಿಂದ ಪಕ್ಕಕ್ಕೆ ಸರಿಯಬೇಕು. ಅವಸರಗೇಡಿಗಳಿಗೆ ಹೇಳಿಸಿದ ಕೆಲಸವಲ್ಲ ಅದು.

ಹೊಳೆ ಎಲ್ಲಕ್ಕಿಂತ ಜೋರಾಗಿ ಧುಮುಕುವ ಜಾಗದ ಮೇಲ್ಗಡೆ, ದಡದಲ್ಲಿ ಒಂದು ಮತ್ತಿಮರವಿತ್ತು. ನೀರಿನೊಳಗಿನ ಬಂಡೆಗೆ ತಗುಲಿ ಯಾರ ದೋಣಿ ಒಡೆದರೂ, ಅವನು ಒಡೆದ ಹಲಗೆಯ ತುಂಡಿನ ಮೇಲೆ ತನ್ನ ಗುರುತು ಕೆತ್ತಿ ಆ ಮರಕ್ಕೆ ಕಟ್ಟಬೇಕು. ಬಂಡೆ ಎಡಕ್ಕಿದ್ದರೆ ಎಡಗಡೆಯ ಕೊಂಬೆಗೆ, ಬಲಕ್ಕಿದ್ದರೆ ಬಲಗಡೆಯ ಕೊಂಬೆಗೆ. ಹಿಂದೆ ಬರುವವರು ಅದನ್ನು ನೋಡಿ ದಾರಿ ಬದಲಿಸಿಕೊಳ್ಳುತ್ತಿದ್ದರು. ಪ್ರತಿ ಮಳೆಗಾಲದ ನೆರೆಗೆ ಬಂಡೆಗಳು ಜಾಗ ಬಿಡುತ್ತವಾದ್ದರಿಂದ, ಮಳೆ ಕಳೆದ ಮೇಲೆ ಹಳೆಯ ತುಂಡುಗಳನ್ನು ಬಿಚ್ಚಿ ಕಾಂಡಕ್ಕೆ ಕಟ್ಟುತ್ತಿದ್ದರು.

ಆ ಕಾಂಡದ ಮೇಲೆ ಹೊಳೆಯ ಅಂಬಿಗರೆಲ್ಲರ ಹಲಗೆ ಇತ್ತು. ಇವನೊಬ್ಬನದು ಇರಲಿಲ್ಲ. ಇಪ್ಪತ್ತು ವರ್ಷ ದೋಣಿ ನಡೆಸಿದರೂ ಇರಲಿಲ್ಲ. ಜನ ಅವನನ್ನು ಬಾಯ್ತುಂಬ ಹೊಗಳುತ್ತಿದ್ದರು. ಅವನೂ ಮರ ದಾಟುವಾಗಲೆಲ್ಲ ಒಮ್ಮೆ ಕಣ್ಣೆತ್ತಿ ನೋಡಿ, ಮೀಸೆಯೊಳಗೇ ನಗುತ್ತಿದ್ದ.

ಒಂದು ವರ್ಷ ನೆರೆ ಇಳಿದ ಮೇಲೆ ಮೊದಲ ದೋಣಿ ಅವನದೇ ಹೊರಟಿತು. ಒಬ್ಬನೇ ಇದ್ದ, ಹುಣಸೆಹಣ್ಣಿನ ಹೇರು ಜೊತೆಗಿತ್ತು. ಆ ಸಲದ ನೆರೆ ಬಲಗಡೆಯ ಹರಿವಿನಲ್ಲಿ ಒಂದು ಬಂಡೆಯನ್ನು ತಂದು ಕೂರಿಸಿತ್ತು. ನೀರಿನಿಂದ ಒಂದು ಗೇಣು ಕೆಳಗೆ. ದಡದಿಂದ ನೋಡಿದರೂ ಕಾಣದು, ದೋಣಿಯಿಂದ ನೋಡಿದರೂ ಕಾಣದು. ದೋಣಿ ತಗುಲಿತು. ಅಡಿಯ ಹಲಗೆಯೊಂದು ಸೀಳಿ ನೀರು ನುಗ್ಗಿತು. ಅವನು ಹೆಗಲ ವಸ್ತ್ರ ತುರುಕಿ, ಹೇಗೋ ಕೆಳಗಿನ ಮಡುವಿಗೆ ದೋಣಿ ಮುಟ್ಟಿಸಿದ.

ಅದು ಅವನ ತಪ್ಪೇ ಅಲ್ಲ. ಆ ಬಂಡೆಗೆ ಯಾರು ಬೇಕಾದರೂ ತಗುಲುತ್ತಿದ್ದರು. ಆದರೂ ಅವನ ಕಿವಿಯವರೆಗೆ ಬಿಸಿಯೇರಿತು. ಅವನು ಮೊದಲು ಯಾರಾದರೂ ಕಂಡರೋ ಎಂದು ದಡ ನೋಡಿದ. ದೋಣಿಯ ತೂತು ನೋಡಿದ್ದು ಆಮೇಲೆ. ದಡದಲ್ಲಿ ಯಾರೂ ಇರಲಿಲ್ಲ. ಸೀಳಿದ ತುಂಡನ್ನು ಕಿತ್ತು ಚೀಲಕ್ಕೆ ಹಾಕಿಕೊಂಡ. ತೂತಿಗೆ ಬೇರೆ ಹಲಗೆ ಬಡಿದು, ಹತ್ತಿ ತುಂಬಿ, ರಾಳ ಮೆತ್ತಿದ. ಪೇಟೆಯಲ್ಲಿ ಹೇರು ಇಳಿಸಿದ.

ಮೂರನೆಯ ದಿನ ಖಾಲಿ ದೋಣಿಯನ್ನು ಹಗ್ಗ ಕಟ್ಟಿ ದಡದಿಂದ ಮೇಲಕ್ಕೆ ಎಳೆದುಕೊಂಡು ಬಂದ. ಮತ್ತಿಮರದ ಕೆಳಗೆ ನಿಂತ. ತುಂಡು ಹೊರತೆಗೆದು, ಚಾಕು ಹಿಡಿದು, ಗುರುತಿನ ಮೊದಲ ಗೆರೆ ಕೆತ್ತಿದ. ಅಷ್ಟರಲ್ಲಿ ನಾಳೆ ಇದನ್ನು ನೋಡುವವರ ಮುಖಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಇವನದೂ ಬಂತೇ ಎಂದು ಅವರು ನಗುವುದು ಕೇಳಿದಂತಾಯಿತು. ಚಾಕು ಮಡಚಿದ. ಹಸಿವಾಗಿತ್ತು. ಮೂರು ಕಲ್ಲು ಹೂಡಿ, ಆ ತುಂಡನ್ನೇ ಉರಿಗೆ ಹಾಕಿ ಗಂಜಿ ಕಾಯಿಸಿಕೊಂಡ. ಗಂಜಿ ಗಂಟಲಲ್ಲಿ ಇಳಿಯಲಿಲ್ಲ. ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು. ಹೇಸಿಕೊಂಡೇ ಎದ್ದು ಹೊರಟ.

ಮೇಲಿನ ಕಡವಿನಲ್ಲಿ ಇನ್ನೊಬ್ಬ ಅಂಬಿಗ ದೋಣಿ ಬಿಚ್ಚುತ್ತಿದ್ದ. ಅವನು ಬಲು ಎಚ್ಚರದ ಮನುಷ್ಯ. ಪ್ರತಿ ಧುಮುಕಿನ ಮುಂದೆಯೂ ದಡಕ್ಕಿಳಿದು ನೀರು ನೋಡಿಯೇ ಮುಂದೆ ಹೋಗುತ್ತಿದ್ದ. ಜನ ಅವನನ್ನು ಇಳಿಯಪ್ಪ ಎಂದು ಗೇಲಿ ಮಾಡುತ್ತಿದ್ದರು. ಅಂದು ಅವನ ದೋಣಿಯಲ್ಲಿ ಒಬ್ಬ ನೇಕಾರನೂ ಅವನ ಹೆಂಡತಿಯೂ ಕೂತಿದ್ದರು.

"ಅಣ್ಣಾ, ಕೆಳಗೆ ನೀರು ಹೆಂಗೈತೆ?" ಎಂದು ಇಳಿಯಪ್ಪ ಕೇಳಿದ.

ಎಡಕ್ಕೆ ಹಿಡಿ ಎಂಬ ಎರಡು ಮಾತು ಸಾಕಿತ್ತು. ಅಂಬಿಗ ಬಾಯಿ ತೆರೆದದ್ದೂ ಉಂಟು. ಆದರೆ ಯಾಕೆ ಎಂದು ಇಳಿಯಪ್ಪ ಕೇಳಿಯೇ ಕೇಳುತ್ತಿದ್ದ.

"ಯಾವಾಗಿನ ಹಂಗೇ ಐತೆ. ಹೋಗು," ಎಂದ.

ಇಳಿಯಪ್ಪ ಎಂದಿನಂತೆ ಮತ್ತಿಮರದ ಹತ್ತಿರ ದಡಕ್ಕಿಳಿದ. ನೀರು ನೋಡಿದ, ಕೊಂಬೆ ನೋಡಿದ. ಎರಡು ಕೊಂಬೆಯೂ ಖಾಲಿ. ಬಲಗಡೆಯ ಹರಿವಿಗೆ ದೋಣಿ ಬಿಟ್ಟ. ಅದು ಅದೇ ಬಂಡೆಗೆ ಬಡಿದು ಮಗುಚಿಕೊಂಡಿತು. ನೇಕಾರನನ್ನು ಅವನು ಜುಟ್ಟು ಹಿಡಿದು ದಡಕ್ಕೆ ತಂದ. ನೇಕಾರನ ಹೆಂಡತಿ ಸಿಕ್ಕಿದ್ದು ಮರುದಿನ, ಕೆಳಗಿನ ಮಡುವಿನಲ್ಲಿ.

ಹೆಣ ಸುಟ್ಟು ಬಂದವನೇ ಇಳಿಯಪ್ಪ ಒಡೆದ ಹಲಗೆಯ ಮೇಲೆ ತನ್ನ ಗುರುತು ಕೆತ್ತಿ, ಎಲ್ಲರ ಎದುರಿಗೆ ಬಲಗೊಂಬೆಗೆ ಕಟ್ಟಿದ. ಅಷ್ಟು ಸಲ ಇಳಿದು ನೋಡಿಯೂ ಹೆಣ್ಣಿನ ಜೀವ ತೆಗೆದನಲ್ಲ ಎಂದು ಜನ ಆಡಿಕೊಂಡರು. ಗುಂಪಿನಲ್ಲಿ ನಿಂತಿದ್ದ ಅಂಬಿಗನ ಬೆನ್ನು ತಟ್ಟಿ ಒಬ್ಬ ಹೇಳಿದ: "ನೀನಾಗಿದ್ರೆ ತಪ್ಪಿಸ್ತಿದ್ದೆ ಬಿಡಪ್ಪ."

ಅಂಬಿಗ ತಲೆ ತಗ್ಗಿಸಿದ. ಎಂಥ ವಿನಯ ಎಂದುಕೊಂಡಿತು ಜನ.

ಅಂದು ಸಂಜೆ ಅವನು ಇಳಿಯಪ್ಪನ ಮನೆಗೆ ಹೋದ. ಹೇಳಿಬಿಡಬೇಕು ಎಂದುಕೊಂಡೇ ಹೋದ. ಇಳಿಯಪ್ಪ ಜಗಲಿಯ ಮೇಲೆ ಕೂತು ತನ್ನ ಎರಡೂ ಅಂಗೈ ನೋಡಿಕೊಳ್ಳುತ್ತಿದ್ದ. ಇವನು ಬಾಯಿ ತೆರೆಯುವ ಮೊದಲೇ ಅವನು ಅಂದ: "ಅಣ್ಣಾ, ನೀನು ಹೇಳಿದ್ದು ಸರಿಯಾಗೇ ಇತ್ತು. ನನ್ನ ಕೈಯೇ ಸೋತೋಯ್ತು. ಇನ್ನು ಹುಟ್ಟು ಮುಟ್ಟಲ್ಲ."

ಅಂಬಿಗ ಮಾತು ನುಂಗಿಕೊಂಡು ಎದ್ದು ಬಂದ. ನಾಳೆ ಹೇಳುತ್ತೇನೆ ಎಂದುಕೊಂಡ. ಅಂಥ ನಾಳೆಗಳು ಬೇಕಾದಷ್ಟು ಬಂದವು. ಇಳಿಯಪ್ಪ ಕೂಲಿ ಮಾಡಿ ಬದುಕಿದ, ಮತ್ತೆ ಹೊಳೆಗೆ ಇಳಿಯಲಿಲ್ಲ. ನೇಕಾರ ಊರು ಬಿಟ್ಟ. ಇಳಿಯಪ್ಪ ಕಟ್ಟಿದ ಹಲಗೆ ನೋಡಿ ದೋಣಿಗಳೆಲ್ಲ ಎಡಕ್ಕೆ ಸರಿದು ಹೋದವು. ಆ ಬಂಡೆಗೆ ಮತ್ತೊಂದು ದೋಣಿ ತಗುಲಲಿಲ್ಲ. ಅಂಬಿಗನನ್ನು ಕಂಡಲ್ಲೆಲ್ಲ ಜನ ಕೈಮುಗಿಯುತ್ತಿದ್ದರು. ಮುಗಿದ ಕೈ ಕಂಡಾಗಲೆಲ್ಲ ಅವನಿಗೆ ಎಲ್ಲಾದರೂ ಅಡಗಿಕೊಳ್ಳಬೇಕು ಅನ್ನಿಸುತ್ತಿತ್ತು. ಹಾಗೆಯೇ ಮುದುಕನಾದ, ಹಾಗೆಯೇ ಸತ್ತ.

ಗುರುಗಳು ನಿಲ್ಲಿಸಿದರು.

"ಅಯ್ಯೋ ಪಾಪ! ಆ ಹೆಂಗಸು ಸತ್ತ ಮೇಲೆ ಅವನು ಎಷ್ಟು ನಾಚಿಕೊಂಡಿರಬೇಕು ಗುರುಗಳೇ!" ಎಂದ ಶಿಷ್ಯ.

"ನಾಚಿಕೆ ಅವನಿಗೆ ಅವಳು ಬದುಕಿದ್ದಾಗಲೇ ಬೇಕಾದಷ್ಟಿತ್ತಲ್ಲ," ಎಂದರು ಗುರುಗಳು.