ತಕ್ಕಡಿಯಲ್ಲಿ ಕೂತ ಅಮ್ಮಣ್ಣಿ

ಕೇಳಿ ಮಕ್ಕಳೇ, ನೇರಳೆಕಟ್ಟೆ ಅನ್ನೋ ಸೀಮೆಯಲ್ಲಿ ಒಬ್ಬ ರಾಜ ಇದ್ದ. ಅವನಿಗೆ ತಾಯಿಯಿಲ್ಲದ ಒಬ್ಬಳೇ ಮಗಳು, ಹೊನ್ನಾಜಿ. ಎತ್ತಿ ಆಡಿಸಿ ಬೆಳೆಸಿದವಳು ದಾದಿ ಪುಟ್ಟೀರಮ್ಮ. ದಾದಿಗೆ ಅವಳು ಅಮ್ಮಣ್ಣಿ, ಅವಳಿಗೆ ದಾದಿ ಅವ್ವ.

ಆ ಅರಮನೆಯಲ್ಲಿ ಒಂದು ಪದ್ಧತಿ. ಪ್ರತಿ ವರ್ಷ ಹುಟ್ಟಿದ ದಿನ ಅಮ್ಮಣ್ಣಿಯನ್ನು ದೊಡ್ಡ ತಕ್ಕಡಿಯಲ್ಲಿ ಕೂರಿಸಿ, ಅವಳ ತೂಕದಷ್ಟು ರಾಗಿಯನ್ನು ಬಡವರಿಗೆ ಹಂಚೋರು. ಸೆರಗೊಡ್ಡಿದ ಮುದುಕಿಯರು "ಮೈತುಂಬಿಕೊಂಡಿರು ತಾಯಿ" ಅಂತ ಹರಸೋರು. ಹುಡುಗಿ ಗುಂಡುಗುಂಡಗಿದ್ದಳು. ಅದು ಕೊರತೆ ಅಂತ ಯಾರಿಗೂ ಕಂಡಿರಲಿಲ್ಲ.

ಹದಿನೇಳಕ್ಕೆ ಹೆಣ್ಣು ನೋಡೋಕೆ ಬಂದರು. ಗಂಡಿನ ಸೋದರತ್ತೆ ಎಲೆ ಅಡಿಕೆ ಮೆಲ್ಲುತ್ತಾ, "ಹುಡುಗಿ ಲಕ್ಷಣವಾಗವ್ಳೆ, ಒಸಿ ದಪ್ಪ" ಅಂದಳು. ಅಷ್ಟೇ ಮಾತು. ಅವತ್ತು ಅಮ್ಮಣ್ಣಿ ಊಟದೆಲೆಯ ಮುಂದಿಂದ ಎದ್ದುಬಿಟ್ಟಳು.

ಆಗ ಬಂದ ನೋಡಿ ಮೃಗಾಂಕ ಪಂಡಿತ. ಇವತ್ತು ಸಣ್ಣಗಾಗೋ ಟೀ ಅಂತ ಪೊಟ್ಟಣದಲ್ಲಿ ಮಾರ್ತಾರಲ್ಲ, ಅವನ ಜೋಳಿಗೆಯಲ್ಲಿದ್ದದ್ದೂ ಅಂಥದ್ದೇ ಸೊಪ್ಪು. "ಮೂರು ತಿಂಗಳು ಕಷಾಯ ಕುಡೀಲಿ. ತಿಂಗಳಿಗೊಮ್ಮೆ ತೂಗಿ. ಇಳಿದರೆ ನನ್ನ ತೂಕದಷ್ಟು ಬಂಗಾರ ಕೊಡಿ. ತೂಗೋ ಹಿಂದಿನ ದಿನ ಮಾತ್ರ ಹನಿ ನೀರೂ ಕೊಡಬೇಡಿ" ಅಂದ. ರಾಜ ಒಪ್ಪಿದ.

ಮೊದಲ ತಿಂಗಳು, ಹುಟ್ಟಿದ ದಿನ ತೂಗಿದಷ್ಟೇ ರಾಗಿ ಎದುರು ತಟ್ಟೆಗಿಟ್ಟು ತೂಗಿದರು. ಅಮ್ಮಣ್ಣಿಯ ತಟ್ಟೆ ಮೇಲೆದ್ದಿತು. ರಾಜ ಹಿಗ್ಗಿದ. ಪುಟ್ಟೀರಮ್ಮ ಕಷಾಯ ಮೂಸಿ ನೋಡಿದಳು. ಹೊಟ್ಟೆ ಕಟ್ಟಿದ ಮುದುಕರಿಗೆ ಭೇದಿಗೆ ಕೊಡೋ ಸೋನಾಮುಖಿ ವಾಸನೆ. ಹುಡುಗಿ ದಿನಕ್ಕೆ ಹತ್ತು ಸಲ ಹಿತ್ತಿಲಿಗೆ ಓಡ್ತಿದ್ದಳು.

ಎರಡನೇ ತಿಂಗಳು ತೂಗಿದರು. ತಟ್ಟೆ ಇನ್ನೂ ಮೇಲೆದ್ದಿತು. ಜನ ಚದುರಿದ ಮೇಲೆ ದಾದಿ ಅವಳಿಗೆ ಎರಡು ಚೆಂಬು ನೀರು ಕುಡಿಸಿ ಮತ್ತೆ ತೂಗಿದಳು. ಇಳಿದದ್ದರಲ್ಲಿ ಅರ್ಧ ತಿರುಗಿ ಬಂದಿತ್ತು.

"ಅಮ್ಮಣ್ಣಿ, ಕರಗಿದ್ದು ಕೊಬ್ಬಲ್ಲ ಕಣವ್ವ, ನಿನ್ ಮೈ ನೀರು. ಅಪ್ಪಾಜಿಯೋರಿಗೆ ಹೇಳ್ತೀನಿ."

ಹುಡುಗಿಯ ಕಾಲು ಸೆಟೆದು ನೋಯ್ತಿತ್ತು. ಆದರೂ ದಾದಿಯ ಕೈ ಹಿಡಿದುಕೊಂಡಳು. "ಬ್ಯಾಡ ಕಣವ್ವ. ಮತ್ತೆ ದಪ್ಪ ಅಂತಾರೆ. ಇನ್ನೊಂದೇ ತಿಂಗಳು."

ಪುಟ್ಟೀರಮ್ಮ ಸುಮ್ಮನಾದಳು. ಸುಮ್ಮನಾಗಬಾರದಿತ್ತು. ಪ್ರೀತಿಗೂ ಒಮ್ಮೊಮ್ಮೆ ಬುದ್ಧಿ ಇರೋದಿಲ್ಲ.

ಮೂರನೇ ತಿಂಗಳು ಹುಡುಗಿಯನ್ನು ಎತ್ತಿಕೊಂಡೇ ತರಬೇಕಾಯ್ತು. ತುಟಿ ಒಡೆದಿತ್ತು, ಎದೆ ಡವಡವ ಹೊಡೆದುಕೊಳ್ತಿತ್ತು. ತಟ್ಟೆ ಮೇಲೆದ್ದಿತು. ಪಂಡಿತ ಬಂಗಾರಕ್ಕೆ ತೂಗಿಸಿಕೊಳ್ಳೋಕೆ ಮುಂದೆ ಬಂದ. ವಾರದಿಂದ ಹೋಳಿಗೆ ತುಪ್ಪ ಬಾರಿಸಿದ್ದ, ಬೆಳಿಗ್ಗೆ ಹೊಟ್ಟೆ ಬಿರಿಯುವಷ್ಟು ನೀರು ಕುಡಿದಿದ್ದ.

ಪುಟ್ಟೀರಮ್ಮ ಅಡ್ಡ ನಿಂತು ರಾಜನಿಗೆ ಕೈಮುಗಿದಳು. "ಬುದ್ಧೀ, ಅಮೃತ ಮಾಡಿದೋರು ಮೂರು ದಿನ ಅವರೂ ಕುಡೀಲಿ. ಆಮೇಕೆ ತಕ್ಕಡೀಲಿ ಕೂರ್ಲಿ."

ಪಂಡಿತ ಬೆಚ್ಚಿಬಿದ್ದ. "ಎಲ್ಲಾದರೂ ಉಂಟೆ? ಮೈಯ ನೀರೆಲ್ಲ ಬಸಿದು ಹೋಗುತ್ತೆ. ನನ್ನ ತೂಕದ ಗತಿ?"

"ಹಂಗಾರೆ ನಮ್ಮ ಅಮ್ಮಣ್ಣಿ ಮೈಯಿಂದ ಹೋಗಿದ್ದೇನು ಸ್ವಾಮಿ?"

ಪಂಡಿತ ಜೋಳಿಗೆ ಹೆಗಲಿಗೇರಿಸಿ ಬಾಗಿಲ ಕಡೆ ಸರಿದ. ರಾಜ ಅವನ ತಲೆ ಬೋಳಿಸಿ, ಕತ್ತೆ ಮೇಲೆ ಕೂರಿಸಿ ಸೀಮೆ ದಾಟಿಸಿದ.

ಅದರಿಂದ ಏನು ಬಂತು? ಗಂಜಿ ಹಾಕಿದರು, ಎಳನೀರು ಹಾಕಿದರು. ಬಸಿದು ಬರಿದಾದ ಮೈ ಚೇತರಿಸಿಕೊಳ್ಳಲಿಲ್ಲ. ನಾಲ್ಕನೇ ದಿನ ಅಮ್ಮಣ್ಣಿ ದಾದಿಯ ತೊಡೆಯ ಮೇಲೆ ಕಣ್ಣು ಮುಚ್ಚಿದಳು. ಎತ್ತಿಕೊಂಡ ಪುಟ್ಟೀರಮ್ಮ, "ಹಸುಗೂಸಿನಷ್ಟೇ ಅವ್ಳಲ್ಲಪ್ಪ" ಅಂದಳು.

ಹುಟ್ಟಿದ ದಿನ ಮತ್ತೆ ಬಂತು. ರಾಜ ತಕ್ಕಡಿ ಕಟ್ಟಿಸಿದ. ಒಂದು ತಟ್ಟೆ ಖಾಲಿ. "ಹೋದ ವರ್ಷ ತೂಗಿದಷ್ಟು ರಾಗಿ ಹಂಚಿ" ಅಂದ. ಮುದುಕಿಯರು ಸೆರಗೊಡ್ಡಿದರು. ರೂಢಿಯಂತೆ ಒಬ್ಬಳ ಬಾಯಲ್ಲಿ "ಮೈತುಂಬಿಕೊಂಡಿರು..." ಅಂತ ಬಂದು ಅರ್ಧಕ್ಕೇ ನಿಂತಿತು. ಸೆರಗಿನ ರಾಗಿ ಹಿಡಿದುಕೊಂಡೇ ಅತ್ತಳು.

ಅದಕ್ಕೇ ಮಕ್ಕಳೇ, ಮೈಯ ನೀರು ಬಸಿಯೋ ಕಷಾಯ ಕೊಬ್ಬು ಕರಗಿಸೋದಿಲ್ಲ, ಆಯಸ್ಸು ಕರಗಿಸುತ್ತೆ. ಮಾರೋನೇ ಕುಡಿಯದ್ದನ್ನು ನೀವು ಕುಡೀಬೇಡಿ. ಕಣ್ಣಾರೆ ಕಂಡವರು ಸುಮ್ಮನಿರಬೇಡಿ. ಇನ್ನೊಬ್ಬರ ಮೈಯನ್ನು ತೂಗೋ ಮುಂಚೆ ನಿಮ್ಮ ಮಾತನ್ನು ತೂಗಿ ನೋಡಿ. ನೇರಳೆಕಟ್ಟೆಯ ಆ ತಟ್ಟೆ ಇನ್ನೂ ಖಾಲಿ ಇದೆ.